ಎಲೆ ಉದುರುವ ಕಾಲಕ್ಕೆ ಯಾವ ಹಾಡು?

ಅಕ್ಟೋಬರ್ ತಿಂಗಳಲ್ಲಿ ವಿಜಯಪುರದಿಂದ ಅಥಣಿ ರಸ್ತೆ ಹಿಡಿದು ತಿಕೋಟಾದ ಕಡೆ ಹೋದವರಿಗೆ ಒಂದು ವಿಚಿತ್ರ ಕಾಣುತ್ತದೆ. ಎರೆಹೊಲಗಳಲ್ಲಿ ಬಿಳಿಜೋಳ ಆಗತಾನೆ ಮೊಳೆತು ನೆಲ ಹಸಿರಾಗುತ್ತಿರುತ್ತದೆ. ಬದುವಿನ ಹುಲ್ಲು ಇನ್ನೂ ಒಣಗಿರುವುದಿಲ್ಲ. ಆದರೆ ದ್ರಾಕ್ಷಿ ತೋಟಗಳು ಮಾತ್ರ ಬೋಳು. ತಂತಿಯ ಮೇಲೆ ಕಂದು ಬಣ್ಣದ ಬಳ್ಳಿ, ಕೆಳಗೆ ಕಾಲು ಹೂತುಹೋಗುವಷ್ಟು ಎಲೆ. ಇದು ಚಾಟ್ನಿಯ ಕಾಲ. ಕತ್ತರಿ ಹಿಡಿದ ಆಳುಗಳು ಸಾಲು ಹಿಡಿದು ಬಳ್ಳಿ ಕತ್ತರಿಸುತ್ತ ಮುಂದೆ ಹೋದರೆ, ಹಿಂದಿನಿಂದ ಹೆಣ್ಣಾಳುಗಳು ಕೈಗವಸು ತೊಟ್ಟು ಬಳ್ಳಿಯ ಕಣ್ಣುಗಳಿಗೆ ಪೇಸ್ಟ್ ಹಚ್ಚುತ್ತ ಬರುತ್ತಾರೆ. ನಮ್ಮ ಸೀಮೆಯಲ್ಲಿ ಎಲೆ ಉದುರುವ ಶರತ್ಕಾಲ ಅಂತ ಒಂದಿದ್ದರೆ ಅದು ಇದೇ. ಅದನ್ನೂ ಕೂಲಿ ಕೊಟ್ಟು ಮಾಡಿಸಬೇಕು!

ಅಂಥ ಒಂದು ತೋಟದಲ್ಲಿ ಗೆಳೆಯನ ಮಗ ತನ್ನ ಫೋನನ್ನು ತಂತಿಗೆ ನೇತುಹಾಕಿ ಸಂಗೀತ ಹಚ್ಚಿದ್ದ. ಪಿಯಾನೋ. ಒಂದೊಂದೇ ಸ್ವರ, ನಡುವೆ ದೀರ್ಘ ಮೌನ, ಹಿಂದೆ ಮಳೆಯ ಸದ್ದು. ಪರದೆಯ ಮೇಲೆ ಒಂದು ಮರದ ಬೆಂಚು, ಕೆಂಪು ಎಲೆಗಳು, ಹೊಗೆಯಾಡುವ ಕಾಫಿ ಲೋಟ. 'ಶರತ್ಕಾಲದ ಚಿಂತನೆಗೆ ಸಂಗೀತ' ಎಂಬ ಅರ್ಥದ ಇಂಗ್ಲಿಷ್ ಶೀರ್ಷಿಕೆ. ಕೇಳಲು ಇಂಪಾಗಿಯೇ ಇತ್ತು.

"ಇದೇನೋ ಇದು?" ಅಂದೆ.

"ಮನಸ್ಸು ಶಾಂತ ಆಗ್ತದ ಕಾಕಾ. ಈ ಟೈಮಿಗೆ ಇದೇ ಕೇಳಬೇಕಂತ ಅದರಾಗೇ ಬರದಾರ," ಅಂದ.

ಪೇಸ್ಟ್ ಹಚ್ಚುತ್ತಿದ್ದ ಹೆಣ್ಣುಮಕ್ಕಳಲ್ಲಿ ಹಿರಿಯಳೊಬ್ಬಳು, "ಯಾರರ ಸತ್ತಾರೇನ ತಮ್ಮಾ?" ಎಂದು ಕೇಳಿದಳು. ಎಲ್ಲರೂ ನಕ್ಕರು. ಹುಡುಗನೂ ನಕ್ಕ. ನನಗೆ ಮಾತ್ರ ಆ ಪ್ರಶ್ನೆ ಮನಸ್ಸಿನಲ್ಲಿ ಉಳಿಯಿತು. ಆಕೆ ತಮಾಷೆಗೆ ಕೇಳಿದ್ದಲ್ಲ. ಆಕೆಯ ಲೆಕ್ಕದಲ್ಲಿ ಮನಸ್ಸನ್ನು ಒಳಕ್ಕೆ ಎಳೆಯುವ ಸಂಗೀತಕ್ಕೆ ಒಂದು ಕಾರಣ ಬೇಕು. ಯಾರೋ ಹೋಗಿರಬೇಕು, ಯಾರೋ ಬಾರದೆ ಇರಬೇಕು. ಕಾರಣವಿಲ್ಲದ ಬೇಸರಕ್ಕೆ ಹಾಡು ಹಚ್ಚುವುದು ಆಕೆ ಕಂಡ ರೂಢಿಯಲ್ಲ.

ಈ ಪಿಯಾನೋ ಸಂಗೀತದ ಹಿಂದಿರುವ ಶರತ್ಕಾಲ ಯಾರದು ಎಂದು ಮೊದಲು ಕೇಳಬೇಕು. ಯೂರೋಪಿನದು ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ಅದೂ ಪೂರ್ತಿ ನಿಜವಲ್ಲ. ಇಟಲಿಯ ವಿವಾಲ್ಡಿ ನಾಲ್ಕು ಋತುಗಳ ಮೇಲೆ ಕಟ್ಟಿ 1725ರಲ್ಲಿ ಪ್ರಕಟಿಸಿದ ಪ್ರಸಿದ್ಧ ಕೃತಿಗಳಲ್ಲಿ ಶರತ್ಕಾಲದ ಭಾಗ ದುಃಖದ್ದಲ್ಲವೇ ಅಲ್ಲ. ಅದು ಸುಗ್ಗಿಯದು. ರೈತರು ಕುಣಿಯುತ್ತಾರೆ, ದ್ರಾಕ್ಷಾರಸ ಕುಡಿದು ನಿದ್ದೆ ಹೋಗುತ್ತಾರೆ, ಬೆಳಗಾದರೆ ಬೇಟೆಯ ಕಹಳೆ. ಅಂದರೆ ಅಲ್ಲಿನ ರೈತನಿಗೂ ಆ ಕಾಲ ಕಣಜ ತುಂಬುವ ಕಾಲವೇ ಆಗಿತ್ತು. ಉದುರಿದ ಎಲೆಯನ್ನು ನೋಡಿ ನಿಟ್ಟುಸಿರು ಬಿಡುವ ಪುರುಸೊತ್ತು ಬಂದದ್ದು ಹೊಲದಿಂದ ದೂರ ಸರಿದು ಕಿಟಕಿಯ ಹಿಂದೆ ಕುಳಿತವರಿಗೆ. ಆ ಕಿಟಕಿಯ ನೋಟವನ್ನು ಈಗ ಫೋನಿನ ಪರದೆ ಜಗತ್ತಿಗೆಲ್ಲ ಹಂಚುತ್ತಿದೆ. ತಿಕೋಟಾದ ಹುಡುಗನಿಗೂ ಅದೇ ಬೆಂಚು, ಅದೇ ಕೆಂಪೆಲೆ. ಅವನ ತೋಟದ ಎಲೆ ಕೆಂಪಾಗುವುದೇ ಇಲ್ಲ ಎಂಬುದು ಬೇರೆ ಮಾತು.

ನಮ್ಮ ಸೀಮೆಯ ಶರತ್ಕಾಲದ ಲೆಕ್ಕವೇ ಬೇರೆ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ಇದು. ಅದರಲ್ಲಿ ಹೆಚ್ಚು ಬೀಳುವುದು ಸೆಪ್ಟೆಂಬರಿನಲ್ಲಿ. ಬೇರೆ ಕಡೆ ಮಳೆ ಮುಗಿಯುತ್ತ ಬಂದಾಗ ಇಲ್ಲಿ ನಿಜವಾದ ಮಳೆ ಬರಬೇಕು. ಉತ್ತರಿ, ಹಸ್ತ, ಚಿತ್ತಿ, ಸ್ವಾತಿ ಎಂದು ಒಂದೊಂದನ್ನೇ ಎಣಿಸುತ್ತ, ನೆಲ ಹದವಾದೊಡನೆ ಹಿಂಗಾರಿ ಜೋಳ ಬಿತ್ತಬೇಕು. ಅದೇ ಮಳೆ ಚಾಟ್ನಿಯಾದ ಮೇಲೆ ಸುರಿದರೆ ದ್ರಾಕ್ಷಿಗೆ ಡೌನಿ ರೋಗ. ಪಕ್ಕಪಕ್ಕದ ಹೊಲಗಳಲ್ಲಿ ಒಬ್ಬ ಮಳೆ ಬೇಡುತ್ತಿದ್ದರೆ ಇನ್ನೊಬ್ಬ ಬೇಡವೆನ್ನುತ್ತಿರುತ್ತಾನೆ. ಮನುಷ್ಯ ಆಕಾಶ ನೋಡಿ ಚಿಂತೆಗೆ ಬೀಳುವ ಕಾಲ ಹೌದು. ಆದರೆ ಕಾಫಿ ಲೋಟದ ಚಿಂತೆ ಅಲ್ಲ.

ಹಾಗಾದರೆ ಈ ಕಾಲಕ್ಕೆ ಈ ನೆಲ ಯಾವ ಸಂಗೀತವನ್ನು ಕೊಟ್ಟಿದೆ?

ಶಾಸ್ತ್ರೀಯ ಸಂಗೀತವನ್ನು ಕೇಳಿದರೆ ಉತ್ತರ ಅರ್ಧಂಬರ್ಧ. ಹಳೆಯ ಹನುಮನ್ಮತದ ಪ್ರಕಾರ ಆರು ಋತುಗಳಿಗೆ ಆರು ರಾಗ. ಅದರಲ್ಲಿ ಶರದೃತುವಿಗೆ ಸಲ್ಲುವುದು ಭೈರವ. ಆದರೆ ಇದು ಗ್ರಂಥದಲ್ಲಿ ಉಳಿದ ಮಾತು. ಮಳೆಗೆ ಮಲ್ಹಾರಗಳ ದೊಡ್ಡ ಬಳಗವೇ ಬೆಳೆಯಿತು. ವಸಂತಕ್ಕೆ ಬಸಂತ್, ಬಹಾರ್, ಹಿಂದೋಲ್ ಇವೆ. ಇಂದಿಗೂ ಮೋಡ ಕಟ್ಟಿದರೆ ಗಾಯಕರಿಗೆ ಮಿಯಾಮಲ್ಹಾರ ನೆನಪಾಗುತ್ತದೆ. ಭೈರವ ಮಾತ್ರ ಋತುವನ್ನು ಕಳಚಿಕೊಂಡು ಬೆಳಗಿನ ರಾಗವಾಗಿ ನೆಲೆನಿಂತಿತು. ಹನ್ನೆರಡು ತಿಂಗಳೂ ಯಾವ ಬೆಳಗಿನಲ್ಲಾದರೂ ಹಾಡಬಹುದು. ಕಛೇರಿಯ ಸಂಗೀತದಲ್ಲಿ ಶರತ್ಕಾಲ ಒಂದು ಖಾಲಿ ಕೋಣೆ. ಇದನ್ನು ಕೊರತೆ ಎಂದು ನಾನು ಹೇಳುತ್ತಿಲ್ಲ. ಆ ಕೋಣೆಯನ್ನು ಬೇರೆಯವರು ತುಂಬಿದ್ದಾರೆ, ಅವರ ಹೆಸರು ಕಛೇರಿಯ ಕರಪತ್ರದಲ್ಲಿ ಬರುವುದಿಲ್ಲ, ಅಷ್ಟೆ.

ಅಥಣಿ ರಸ್ತೆಯ ಮೇಲೆಯೇ ಇದಕ್ಕೆ ಸಾಕ್ಷಿಗಳಿವೆ. ಇದೇ ದಾರಿ ಅಥಣಿ ದಾಟಿ ಮಿರಜಿಗೆ ಹೋಗುತ್ತದೆ. ಮಿರಜಿನಲ್ಲಿ ಸೋರೆಬುರುಡೆಯ ತಂಬೂರಿ ಮಾಡುವವರ ಓಣಿ ಇದೆ. ಆ ತಂಬೂರಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಅಲ್ಲಿಯ ಮೀರಾಸಾಹೇಬ್ ದರ್ಗಾದ ಆವರಣದಲ್ಲಿ 1937ರಲ್ಲಿ ತೀರಿಕೊಂಡ ಉಸ್ತಾದ್ ಅಬ್ದುಲ್ ಕರೀಂ ಖಾನರು ಮಲಗಿದ್ದಾರೆ. ಕುಂದಗೋಳದ ಸವಾಯಿ ಗಂಧರ್ವರ ಮೂಲಕ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರ ತನಕ ಹರಿದದ್ದು ಅವರ ಗಾಯನವೇ. ಇತ್ತ ವಿಜಯಪುರದ ದಿಕ್ಕಿಗೆ ಬಂದರೆ, ತಿಕೋಟಾಕ್ಕಿಂತ ಮೊದಲೇ ತೊರವಿ. ಇಬ್ರಾಹಿಂ ಆದಿಲಶಾಹ 1599ರಲ್ಲಿ ಕಟ್ಟಲು ತೊಡಗಿದ ನವರಸಪುರದ ಸಂಗೀತ ಮಹಲು ಅಲ್ಲಿ ಪಾಳುಬಿದ್ದು ನಿಂತಿದೆ. ಕಟ್ಟಿ ಮುಗಿಯುವ ಮೊದಲೇ, 1624ರಲ್ಲಿ ಮಲಿಕ್ ಅಂಬರನ ಸೈನ್ಯ ಅದನ್ನು ಹಾಳುಗೆಡವಿತು.

ಈ ಇಬ್ರಾಹಿಮನ 'ಕಿತಾಬ್-ಎ-ನವರಸ' ನಮ್ಮಲ್ಲಿ ಬಹಳ ಹೊಗಳಿಸಿಕೊಂಡ ಪುಸ್ತಕ. ನಜೀರ್ ಅಹಮದ್ ಅವರು 1956ರಲ್ಲಿ ಸಂಪಾದಿಸಿ ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದರು. 59 ಹಾಡು, 17 ದೋಹೆಗಳು ಅದರಲ್ಲಿವೆ, ರಾಗಗಳ ಹೆಸರಿನಡಿ ಜೋಡಿಸಿವೆ. ಸರಸ್ವತಿಗೆ ವಂದನೆ ಇದೆ, ಪ್ರವಾದಿಯವರ ಸ್ತುತಿ ಇದೆ, ಕಲಬುರ್ಗಿಯ ಖ್ವಾಜಾ ಬಂದಾನವಾಜರ ಸ್ಮರಣೆ ಇದೆ. ಶರದೃತುವಿನ ರಾಗವೆಂದೆನಲ್ಲ, ಆ ಭೈರವನನ್ನು ಸುಲ್ತಾನ ತಲೆಯಲ್ಲಿ ಗಂಗೆ, ಹಣೆಯಲ್ಲಿ ಚಂದ್ರ ಧರಿಸಿದ ಶಿವರೂಪದಲ್ಲಿಯೇ ಕಂಡು ಬಣ್ಣಿಸುತ್ತಾನೆ. ಸೌಹಾರ್ದ ಸಮಾವೇಶಗಳಲ್ಲಿ ಭಾಷಣಕಾರರು ಇದನ್ನೆಲ್ಲ ಹೇಳದೆ ಬಿಡುವುದಿಲ್ಲ. ಹೇಳಲಿ, ಹೇಳಬೇಕಾದ ಕಾಲವೇ ಇದು. ಆದರೆ ನವರಸವನ್ನು ಹೊಗಳಿದ ನೂರು ಭಾಷಣ ಕೇಳಿದ ನಾನು ಅದರ ಒಂದು ಹಾಡನ್ನೂ ಯಾರ ಬಾಯಲ್ಲೂ ಕೇಳಿಲ್ಲ. ರಾಗದ ಹೆಸರು ಉಳಿಯಿತು, ಧಾಟಿ ಉಳಿಯಲಿಲ್ಲ.

ಸಾಹಿತ್ಯವಾಗಿ ಓದಿದರೆ ನನಗೆ ಅನ್ನಿಸುವುದನ್ನು ಹೇಳಿಬಿಡುತ್ತೇನೆ. ನವರಸದ ಹಾಡುಗಳು ಸುಂದರವಾಗಿವೆ, ಆದರೆ ಅವುಗಳಲ್ಲಿ ದುಃಖ ಒಂದು ಒಡವೆ. ಸುಲ್ತಾನನಿಗೆ ತನ್ನ ತಂಬೂರಿ ಮೋತೀಖಾನ್ ಎಂದರೆ ಪ್ರಾಣ, ಆತಶ್ ಖಾನ್ ಎಂಬ ಆನೆಯೂ ಹಾಗೆಯೇ. ಅವುಗಳ ಮೇಲೆ ಹಾಡು ಕಟ್ಟುವಾಗಲೇ ಅವನ ಮನಸ್ಸು ಅತ್ಯಂತ ನಿಜವಾಗಿ ತೆರೆದುಕೊಳ್ಳುತ್ತದೆ. ವಿರಹದ ಹಾಡುಗಳಲ್ಲಿ ಚಿತ್ರಶಾಲೆಯ ನಾಯಿಕೆಯರಿದ್ದಾರೆ, ಅವರ ಕೊರಳಲ್ಲಿ ಮುತ್ತಿನ ಸರ ಒಂದಿಷ್ಟೂ ಅಲುಗಾಡುವುದಿಲ್ಲ. ಒಂಬತ್ತು ರಸಗಳನ್ನು ಸವಿಯುವ ರಸಿಕನ ಸಂಗೀತ ಅದು. ಆ ಅರ್ಥದಲ್ಲಿ ಮನಸ್ಸಿನ ಸ್ಥಿತಿಗೆ ತಕ್ಕ ಹಾಡು ಆರಿಸುವ ಇಂದಿನ ಫೋನಿಗೂ ಅವನ ಮಹಲಿಗೂ ದೂರದ ಬಳಗ ಇದೆ. ಈ ಮಾತು ಕೆಲವರಿಗೆ ಒರಟೆನಿಸಬಹುದು.

ಅದೇ ಆದಿಲಶಾಹಿ ವಿಜಯಪುರದಲ್ಲಿ, ಅರಮನೆಯಿಂದ ದೂರ, ಕೋಟೆಯ ಹೊರಗಿನ ಶಾಹಪುರ ದಿಬ್ಬದ ಮೇಲೆ ಇನ್ನೊಂದು ಸಂಗೀತ ಹುಟ್ಟುತ್ತಿತ್ತು. ಅಲ್ಲಿ ಮೀರಾಂಜಿ ಶಮ್ಸುಲ್ ಉಶ್ಶಾಕ್, ಅವರ ಮಗ ಬುರ್ಹಾನುದ್ದೀನ್ ಜಾನಮ್, ಮೊಮ್ಮಗ ಅಮೀನುದ್ದೀನ್ ಆಲಾ, ಹೀಗೆ ಮೂರು ತಲೆಮಾರಿನ ಚಿಶ್ತಿ ಸೂಫಿಗಳು ಇದ್ದರು. ಅಮೀನುದ್ದೀನರು ತೀರಿಕೊಂಡದ್ದು 1675ರಲ್ಲಿ. ಈ ಪರಂಪರೆಯವರೂ ಇವರ ನಂತರದವರೂ ದಖನಿಯಲ್ಲಿ ಕಟ್ಟಿದ ಒಂದು ಬಗೆಯ ಹಾಡಿಗೆ ಚಕ್ಕಿನಾಮಾ ಎಂದು ಹೆಸರು. ಬೀಸುಕಲ್ಲಿನ ಮುಂದೆ ಕುಳಿತ ಹೆಣ್ಣುಮಗಳು ಹಾಡಲೆಂದು ಕಟ್ಟಿದ್ದು. ನೂಲುವವಳಿಗೆ ಚರಖಾನಾಮಾ, ತೊಟ್ಟಿಲು ತೂಗುವವಳಿಗೆ ಲೋರಿನಾಮಾ. ಬೀಸುಕಲ್ಲಿನ ಹಿಡಿಗೂಟ ನೆಟ್ಟಗೆ ನಿಂತಿದೆ, ಅದು ಅಲಿಫ್ ಅಕ್ಷರ, ಅಂದರೆ ಅಲ್ಲಾಹನ ಗುರುತು. ನಡುವಿನ ಗೂಟ ಪ್ರವಾದಿಯವರ ನೆನಪು. ಕಲ್ಲು ತಿರುಗುತ್ತ ಉಸಿರು ಏರಿಳಿಯುತ್ತ ಅಲ್ಲಾಹನ ನಾಮ ಬರುತ್ತದೆ. ಕೆಲಸ ನಿಲ್ಲದೆ ಧ್ಯಾನ ನಡೆಯುತ್ತದೆ.

ರಿಚರ್ಡ್ ಈಟನ್ ಅವರು ಬಿಜಾಪುರದ ಸೂಫಿಗಳ ಬಗ್ಗೆ ಬರೆದು 1978ರಲ್ಲಿ ಪ್ರಕಟಿಸಿದ ಗ್ರಂಥ ಈ ಹಾಡುಗಳನ್ನು ವಿದ್ವತ್ ಲೋಕದ ಗಮನಕ್ಕೆ ತಂದಿತು. ಇಸ್ಲಾಮಿನ ನಂಬಿಕೆಗಳು ದಖ್ಖನಿನ ಹಳ್ಳಿಯ ಮನೆಯೊಳಗೆ ಹೆಂಗಸರ ಮೂಲಕ ಹೇಗೆ ಪ್ರವೇಶಿಸಿದವು ಎಂಬುದಕ್ಕೆ ಅವರು ಇವನ್ನು ಸಾಕ್ಷಿಯಾಗಿ ಬಳಸಿದರು. ಅದು ಇತಿಹಾಸಕಾರನ ಪ್ರಶ್ನೆ, ಆ ಮಟ್ಟಿಗೆ ಸರಿ. ತೊಂದರೆ ಎಂದರೆ ಅಂದಿನಿಂದ ಚಕ್ಕಿನಾಮಾ ಎಂದೊಡನೆ ಅದೇ ಒಂದು ಚರ್ಚೆ. ಅದು ಪ್ರಚಾರವೋ ಅಲ್ಲವೋ ಎಂದು ಜಗಳವಾಡುವವರು ಅದು ಹಾಡು ಎಂಬುದನ್ನೇ ಮರೆತುಬಿಡುತ್ತಾರೆ. ಹಾಡಾಗಿ ನೋಡಿದರೆ ಅದರ ಜಾಣತನ ಬೇರೆ ಕಡೆ ಇದೆ. ತಾಳ ಹೊರಗಿನಿಂದ ಬರುವುದಿಲ್ಲ, ಕಲ್ಲಿನಿಂದ ಬರುತ್ತದೆ. ಕಾಳು ಹಾಕಿದಾಗ ಕಲ್ಲು ಭಾರವಾಗುತ್ತದೆ, ಹಾಡು ತಡೆಯುತ್ತದೆ. ಕಾಳು ಹಿಟ್ಟಾದಾಗ ಕಲ್ಲು ಹಗುರಾಗುತ್ತದೆ, ಹಾಡು ಓಡುತ್ತದೆ. ದಣಿದ ತೋಳೇ ಲಯ ಹೇಳಿಕೊಡುತ್ತದೆ. ಯಾವ ಪಿಯಾನೋ ಕೂಡ ಇಷ್ಟು ನೇರವಾಗಿ ಮೈಯಿಂದ ಸಂಗೀತ ತೆಗೆಯಲಾರದು.

ಇದೇ ಕಲ್ಲಿನ ಮುಂದೆ, ಪಕ್ಕದ ಮನೆಯಲ್ಲಿ, ಕನ್ನಡದ ತ್ರಿಪದಿಯೂ ಇತ್ತು. ಅಂದು ಇಂಡಿ ತಾಲೂಕಿನಲ್ಲಿದ್ದ ಹಲಸಂಗಿಯ ಗೆಳೆಯರು, ಅಂದರೆ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಪಿ. ಧೂಲಾಸಾಹೇಬ, ಈ ಹಾಡುಗಳನ್ನು ಹಳ್ಳಿ ತಿರುಗಿ ಕೂಡಿಸಿದರು. 1931ರಲ್ಲಿ 'ಗರತಿಯ ಹಾಡು' ಬಂದಾಗ ಕನ್ನಡದ ನವೋದಯ ಕವಿಗಳು ಬೆರಗಾದರು. ಬೀಸುವವಳು ಕಲ್ಲನ್ನು ತಾಯಿಯಂತೆ ಮಾತಾಡಿಸುತ್ತಾಳೆ, ತವರನ್ನು ನೆನೆಯುತ್ತಾಳೆ, ಬಾರದ ಅಣ್ಣನ ದಾರಿ ಕಾಯುತ್ತಾಳೆ. ಅಲ್ಲಿಯೂ ಇಲ್ಲಿಯೂ ಕಸುಬು ಒಂದೇ: ನಸುಕಿನ ಕತ್ತಲೆ, ಎಲ್ಲರೂ ಮಲಗಿರುವಾಗ ಒಬ್ಬಳೇ ಎದ್ದವಳು, ಜೋಳದ ರಾಶಿ, ತಿರುಗುವ ಕಲ್ಲು. ಏಕಾಂತ ಎನ್ನುವುದಿದ್ದರೆ ಇದು ಏಕಾಂತ. ಆದರೆ ಈ ಏಕಾಂತಕ್ಕೆ ಹಿಟ್ಟು ಎಂಬ ಫಲವಿತ್ತು, ಬೆಳಗಾದರೆ ರೊಟ್ಟಿ ಇತ್ತು. ಒಂದು ದಖನಿ, ಒಂದು ಕನ್ನಡ, ಎರಡನ್ನೂ ಒಟ್ಟಿಗೆ ಇಟ್ಟು ಓದಿದ ವಿಮರ್ಶೆ ನಮ್ಮಲ್ಲಿ ಹೆಚ್ಚು ಬರಲಿಲ್ಲ. ಕನ್ನಡದ ಜಾನಪದ ವಿದ್ವಾಂಸರಿಗೆ ದಖನಿ ಬಾರದು. ಉರ್ದು ವಿದ್ವಾಂಸರಿಗೆ ದಖನಿ ಎಂದರೆ ಉರ್ದುವಿನ ತೊದಲ್ನುಡಿ, ಅಷ್ಟರಲ್ಲಿ ಅವರ ಆಸಕ್ತಿ ಮುಗಿಯಿತು.

ಇನ್ನು ಋತುವಿನ ಹಾಡಿಗೆ ಬರುತ್ತೇನೆ. ಬೀಸುವ ಪದ ವರ್ಷವಿಡೀ ಇತ್ತು. ಮಳೆಗಾಲ ಮುಗಿಯುವ ಈ ಹೊತ್ತಿಗೇ ಮೀಸಲಾದ ಹಾಡು ನಮ್ಮ ಸೀಮೆಯಲ್ಲಿ ಯಾವುದೆಂದರೆ ಜೋಕುಮಾರನದು. ಭಾದ್ರಪದದ ಅಷ್ಟಮಿಯಿಂದ ಹುಣ್ಣಿಮೆಯವರೆಗೆ, ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಮಣ್ಣಿನ ಜೋಕುಮಾರನನ್ನು ಕೂರಿಸಿ, ಬಾಯಿಗೆ ಬೆಣ್ಣೆ ಹಚ್ಚಿ, ಹೆಂಗಸರು ಮನೆಮನೆಗೆ ಹೊತ್ತು ತರುತ್ತಾರೆ. ಅಂಗಳದಲ್ಲಿ ಬುಟ್ಟಿ ಇಳಿಸಿ ಸುತ್ತ ಕುಳಿತು ಹಾಡುತ್ತಾರೆ. ಮನೆಯವರು ಜೋಳ ಕೊಡುತ್ತಾರೆ. ಅವನ ಆಯುಷ್ಯ ಏಳು ದಿನ. ಹುಟ್ಟಿದ, ಬೆಳೆದ, ಹೊಲದಲ್ಲಿ ಹೆಣ್ಣಿನ ಬೆನ್ನು ಹತ್ತಿದ, ಸಿಟ್ಟಿಗೆದ್ದವರ ಕೈಯಲ್ಲಿ ಸತ್ತ. ಹುಣ್ಣಿಮೆಯ ಹೊತ್ತಿಗೆ ಅವನನ್ನು ಕೊಂಡೊಯ್ದು ಬಿಡುವ ರೀತಿ ಊರಿಂದ ಊರಿಗೆ ಬೇರೆ. ಅವನು ಹೋಗಿ ಭೂಮಿಯ ಕಷ್ಟ ಮೇಲಿನವನಿಗೆ ಹೇಳಿದರೆ ಮಳೆ ಬರುತ್ತದೆ ಎಂಬ ನಂಬಿಕೆ ಎಲ್ಲ ಕಡೆ ಒಂದೇ. ಈ ಹಾಡಿನ ವಿಶೇಷವೆಂದರೆ ಅರ್ಧ ದಾರಿಯವರೆಗೂ ಅದು ಪೋಲಿ ಹಾಡು, ಹೆಂಗಸರು ಮುಸಿಮುಸಿ ನಗುತ್ತ ಹಾಡುತ್ತಾರೆ. ಸಾವಿನ ಭಾಗ ಬಂದಾಗಲೂ ಧಾಟಿ ಬದಲಾಗುವುದಿಲ್ಲ. ಅದೇ ಧಾಟಿ, ಅದೇ ವೇಗ, ಆದರೆ ನಗು ಮಾತ್ರ ನಿಂತುಹೋಗುತ್ತದೆ. ದುಃಖಕ್ಕೆಂದು ಬೇರೆ ರಾಗ ತೆಗೆಯದೆ ದುಃಖವನ್ನು ಕೇಳಿಸುವ ಈ ವಿದ್ಯೆ ದೊಡ್ಡ ಗಾಯಕರಿಗೂ ಸುಲಭಕ್ಕೆ ಸಿದ್ಧಿಸುವುದಿಲ್ಲ.

ಇದಕ್ಕೆ ಎದುರಾಗಿ ಇನ್ನೊಂದು ಶೋಕದ ಹಾಡಿದೆ, ಅದಕ್ಕೆ ಋತುವೇ ಇಲ್ಲ. ಮೊಹರಮ್ಮಿನ ರಿವಾಯತ್ ಪದಗಳು. ಹಿಜರಿ ವರ್ಷ ಸೌರವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಹಾಗಾಗಿ ಮೊಹರಂ ಸುಮಾರು 33 ವರ್ಷಕ್ಕೊಮ್ಮೆ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಹಜರತ್ ಇಮಾಮ್ ಹುಸೇನರಿಗೂ ಅವರ ಪರಿವಾರಕ್ಕೂ ಯೂಫ್ರೆಟಿಸ್ ನದಿಯ ನೀರು ಸಿಗದಂತೆ ತಡೆದು ಕೊಂದ ಕಥೆಯನ್ನು ನಮ್ಮ ಹಳ್ಳಿಗಳಲ್ಲಿ ಕನ್ನಡದಲ್ಲಿ ಹಾಡುತ್ತಾರೆ, ಸಾಲಾಗಿ ನಿಂತು ಹೆಜ್ಜೆ ಹಾಕುತ್ತ ಹಾಡುತ್ತಾರೆ. ಹಾಡುವವರಲ್ಲಿ ಲಿಂಗಾಯತರು, ಕುರುಬರು, ದಲಿತರು, ಮುಸ್ಲಿಮರು ಎಲ್ಲರೂ ಇರುತ್ತಾರೆ. ಮುಸ್ಲಿಮರ ಒಂದು ಮನೆಯೂ ಇಲ್ಲದ ಊರಿನಲ್ಲಿ ಅಲಾಯಿ ಕುಣಿ ತೋಡಿ ಹಬ್ಬ ಮಾಡುವವರಿದ್ದಾರೆ. ರಹಮತ್ ತರೀಕೆರೆಯವರಂಥವರ ಕ್ಷೇತ್ರಕಾರ್ಯದಿಂದ ಇದೆಲ್ಲ ಕನ್ನಡ ಓದುಗರಿಗೆ ಪರಿಚಿತ.

2018, 2019, 2020, ಈ ಮೂರು ವರ್ಷ ಒಂದು ಸಂಗತಿ ನಡೆಯಿತು. ಮೊಹರಂ ತಿರುಗುತ್ತ ತಿರುಗುತ್ತ ಭಾದ್ರಪದಕ್ಕೆ ಬಂತು. ಮೊಹರಂ ಹತ್ತನೆಯ ದಿನ ಎಂದರೆ ಚಂದ್ರನ ಲೆಕ್ಕದಲ್ಲಿ ದಶಮಿಯ ಆಚೀಚೆ. ಜೋಕುಮಾರನ ಏಳು ದಿನ ಅಷ್ಟಮಿಯಿಂದ ಹುಣ್ಣಿಮೆಯವರೆಗೆ. ಅಂದರೆ ಈ ಎರಡು ತಿಂಗಳುಗಳು ಕೂಡಿದಾಗ ಎರಡು ಶೋಕಗಳೂ ಒಂದೇ ವಾರದಲ್ಲಿ ಕೂಡಲೇಬೇಕು. 2018ರಲ್ಲಿ ಸೆಪ್ಟೆಂಬರ್ 21ಕ್ಕೆ ಮೊಹರಂ, ನಾಲ್ಕು ದಿನದೊಳಗೆ ಜೋಕುಮಾರನ ಹುಣ್ಣಿಮೆ. 2019ರಲ್ಲಿ ಸೆಪ್ಟೆಂಬರ್ 10 ಮತ್ತು 14. ಮೂರನೆಯ ವರ್ಷ ಆಗಸ್ಟ್ 30ಕ್ಕೆ ಮೊಹರಂ ಬಂದಾಗ ಕೊರೊನಾ ಕಾಲ, ಎಲ್ಲ ಸದ್ದಡಗಿತ್ತು. ಮತ್ತೆ ಇವು ಕೂಡುವುದು 2050ರ ಆಸುಪಾಸಿಗೆ. ಪತ್ರಿಕೆಗಳು ಗಣೇಶನ ಹಬ್ಬವೂ ಮೊಹರಮ್ಮೂ ಒಟ್ಟಿಗೆ ಬಂದವೆಂದು ಬಂದೋಬಸ್ತಿನ ಸುದ್ದಿ ಬರೆದವು. ಜೋಕುಮಾರನ ಸುದ್ದಿ ಯಾರೂ ಬರೆಯಲಿಲ್ಲ.

2018ರ ಆ ವಾರ ತಿಕೋಟಾ ಸೀಮೆಯ ಒಂದು ಹಳ್ಳಿಯಲ್ಲಿದ್ದೆ. ಮಳೆ ಕೈಕೊಟ್ಟ ವರ್ಷ. ಹೊತ್ತೇರಿದ ಮೇಲೆ ಹೆಂಗಸರ ಬುಟ್ಟಿ ಬಂತು. ಮಣ್ಣಿನ ಹುಡುಗ ಬಾಯಿ ತೆರೆದು ಬೇವಿನೆಲೆಯಲ್ಲಿ ಕುಳಿತಿದ್ದ, ಅವನನ್ನು ಮುಂದಿಟ್ಟುಕೊಂಡು ಮಳೆ ಬೇಡಿದರು. ಅದೇ ರಾತ್ರಿ ಗಂಡಸರು ಅಲಾಯಿ ಕುಣಿಯ ಮುಂದೆ ನಿಂತು, ಆರು ತಿಂಗಳ ಕೂಸಿಗೆ ಒಂದು ಗುಟುಕು ನೀರು ಸಿಗದ ಕಥೆ ಹಾಡಿದರು. ಆಮೇಲೆ ಮದುವೆಯ ಅರಿಶಿನ ಆರದ ಕಾಸಿಮನ ಕಥೆ. ಬೆಳಿಗ್ಗೆಯ ಹಾಡಿನಲ್ಲಿ ಸಾಯುವ ಹುಡುಗ ಪೋಲಿ, ರಾತ್ರಿಯ ಹಾಡಿನಲ್ಲಿ ಸಾಯುವವರು ಪರಮ ಪವಿತ್ರರು. ಇಬ್ಬರನ್ನೂ ಹೋಲಿಸುವುದು ನನ್ನ ಉದ್ದೇಶವಲ್ಲ, ಹೋಲಿಕೆ ಸಲ್ಲದು ಕೂಡ. ಹಾಡಿದವರೂ ಹೋಲಿಸಲಿಲ್ಲ. ಆದರೆ ಕೇಳುತ್ತ ಕುಳಿತ ನನಗೆ ಎರಡರಲ್ಲೂ ನೀರೇ ಕೇಳಿಸಿತು. 1876-78ರ ಬರದಲ್ಲಿ, ಇನ್ನೂ ಕಲಾದಗಿ ಜಿಲ್ಲೆ ಎನಿಸಿಕೊಂಡಿದ್ದಾಗ, ಹುಳುಗಳಂತೆ ಜನ ಸತ್ತ ಸೀಮೆ ಇದು. ದ್ರಾಕ್ಷಿ ಬಳ್ಳಿ ಉಳಿಸಲು ಟ್ಯಾಂಕರಿನಲ್ಲಿ ನೀರು ಕೊಂಡು ಸಾಲದಲ್ಲಿ ಬಿದ್ದವರ ಸೀಮೆ. ನದಿ ಕಣ್ಣ ಮುಂದೆ ಇದ್ದು ನೀರು ಇಲ್ಲದಿರುವುದು ಏನೆಂದು ಇವರಿಗೆ ಅರೇಬಿಯಾದ ಇತಿಹಾಸ ಓದಿ ತಿಳಿಯಬೇಕಾಗಿಲ್ಲ. ಈಗ ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ಕಡೆ ಬಂದಿದೆ. ಇನ್ನು ಇಪ್ಪತ್ತೈದು ವರ್ಷಕ್ಕೆ ಎರಡು ಹಾಡುಗಳು ಮತ್ತೆ ಕೂಡಿದಾಗ, ನೀರುಂಡು ಬೆಳೆದ ಹುಡುಗರ ಬಾಯಲ್ಲಿ ಅವು ಹೇಗೆ ಕೇಳಿಸುತ್ತವೆಯೋ.

ಆ ಹೊತ್ತಿಗೆ ಹಾಡುವವರು ಇರುತ್ತಾರೆಯೇ ಎಂಬುದೇ ಮೊದಲ ಪ್ರಶ್ನೆ. ರಿವಾಯತ್ ಪದದ ಮೇಲೆ ನಮ್ಮೊಳಗಿನಿಂದಲೇ ಆಕ್ಷೇಪಗಳಿವೆ. ಹಾಡು, ಕುಣಿತ, ಕೆಂಡ, ಪಂಜಾಗಳಿಗೆ ಧರ್ಮದಲ್ಲಿ ಆಧಾರವಿಲ್ಲ ಎನ್ನುತ್ತಾರೆ. ಕರ್ಬಲಾದ ಕಥೆಗೆ ಹಳ್ಳಿಯವರು ಊರ ಕಥೆಯನ್ನೆಲ್ಲ ಸೇರಿಸಿ ಕೆಡಿಸಿದ್ದಾರೆ ಎನ್ನುತ್ತಾರೆ. ಮೊದಲನೆಯದು ಧರ್ಮ ಬಲ್ಲವರ ಚರ್ಚೆ, ಅವರವರ ನಂಬಿಕೆಗೆ ಬಿಟ್ಟದ್ದು. ಹಾಡದವನನ್ನು ಹಾಡೆಂದು ಯಾರೂ ಒತ್ತಾಯಿಸಬಾರದು. ಎರಡನೆಯದಕ್ಕೆ ಮಾತ್ರ ವಿಮರ್ಶೆಯ ಕಡೆಯಿಂದ ಉತ್ತರವಿದೆ. ಇತಿಹಾಸವಾಗಿ ಅದು ತಪ್ಪಿರಬಹುದು. ಆದರೆ ಹಾಡಿದವನು ತನ್ನೂರಿನ ಬಾವಿ, ತನ್ನೂರಿನ ಮದುವೆಯ ಹಂದರ, ತನ್ನೂರಿನ ಕಣವನ್ನು ಕರ್ಬಲಾಕ್ಕೆ ತಂದದ್ದರಿಂದಲೇ ಕರ್ಬಲಾ ಅವನ ಎದೆಗೆ ಇಳಿಯಿತು. ಆ ಕಡೆಯಿಂದಲೂ ಒತ್ತಡವಿದೆ. ಇದು ನಿಮ್ಮ ಹಬ್ಬವಲ್ಲ, ನೀವೇಕೆ ಹಾಡುತ್ತೀರಿ ಎಂದು ಹಿಂದೂ ಹುಡುಗರನ್ನು ಕೇಳುವವರು ಹುಟ್ಟಿಕೊಂಡಿದ್ದಾರೆ. ಎರಡು ಕಡೆಯ ಈ ಜಾಗೃತರ ನಡುವೆ ಸಿಕ್ಕವರು ಮೇಳ ಕಟ್ಟುತ್ತಿದ್ದ ಮುದುಕರು.

ನನ್ನ ತಕರಾರು ಮೂರನೆಯದು, ಅದನ್ನೂ ಹೇಳಬೇಕು. ಇತ್ತೀಚಿನ ಎಷ್ಟೋ ರಿವಾಯತ್ ಮೇಳಗಳು ಸಿನಿಮಾ ಧಾಟಿಗೆ ಪದ ಕೂಡಿಸುತ್ತವೆ. ಮೈಕು ಗರ್ಜಿಸುತ್ತದೆ, ಮುಂದಿನ ಮೇಳದವರಿಗೆ ಸವಾಲು ಹಾಕುವುದರಲ್ಲೇ ರಾತ್ರಿ ಕಳೆಯುತ್ತದೆ. ಹಳೆಯ ಮೇಳದವರು ಮೊದಲ ಸಾಲನ್ನು ಎಷ್ಟು ಉದ್ದದ ಉಸಿರಿನಲ್ಲಿ ಎಳೆಯುತ್ತಿದ್ದರೆಂದರೆ, ಹಿಂದಿನ ಸಾಲಿನವರು ಅದನ್ನು ಎತ್ತಿಕೊಳ್ಳುವ ಹೊತ್ತಿಗೆ ಮುಂದಿನವರ ದನಿ ಇನ್ನೂ ಗಾಳಿಯಲ್ಲಿರುತ್ತಿತ್ತು. ಆ ಎರಡು ದನಿ ಒಂದರ ಮೇಲೊಂದು ಬೀಳುವ ಒಂದು ಕ್ಷಣದಲ್ಲಿಯೇ ಇಡೀ ಹಾಡಿನ ದುಃಖವಿತ್ತು. ಸಿನಿಮಾ ಧಾಟಿಯಲ್ಲಿ ಅದಕ್ಕೆ ಜಾಗವಿಲ್ಲ. ಸಂಪ್ರದಾಯ ಉಳಿಯಿತೆಂದು ಖುಷಿಪಡುವ ನಾವು ಏನು ಉಳಿಯಿತು ಎಂದು ಕಿವಿಗೊಟ್ಟು ಕೇಳುವುದಿಲ್ಲ.

ತೋಟದ ಆ ಹುಡುಗನಿಗೆ ಇದನ್ನೆಲ್ಲ ಹೇಳಿದೆ. ಇಷ್ಟು ಉದ್ದಕ್ಕೆ ಅಲ್ಲ. ಅವನು ತಲೆ ಕೆರೆದುಕೊಂಡು, "ಹಂಗಾದ್ರ ನಮ್ಮ ಅಜ್ಜಿ ಬೀಸೂ ಹಾಡು ಹಾಡ್ತಿದ್ಳಂತ ಕಾಕಾ, ರೆಕಾರ್ಡ್ ಮಾಡೂಣೇನು?" ಅಂದ. ಸಂಜೆ ಅವರ ಮನೆಗೆ ಹೋದೆವು. ಎಂಬತ್ತು ದಾಟಿದ ಮುದುಕಿ. ಫೋನನ್ನು ಮುಂದಿಟ್ಟರೆ ಬಾಯಿ ಬಿಡಲೊಲ್ಲಳು. ಎರಡು ಸಾಲು ಹೇಳಿ ನಿಲ್ಲಿಸಿದಳು. ಮತ್ತೆ ಕೇಳಿದರೆ, "ಕಲ್ಲ ತಿರಗ್ಲಿಲ್ಲಂದ್ರ ಹಾಡ ನೆನಪಾಗಂಗಿಲ್ಲಪಾ," ಅಂದಳು.

ಬೀಸುಕಲ್ಲು ಹಿತ್ತಲಲ್ಲಿತ್ತು. ಗಿರಣಿ ಬಂದ ಮೇಲೆ ಅದರ ಮೇಲೆ ನೀರಿನ ಪ್ಲಾಸ್ಟಿಕ್ ಪೀಪಾಯಿ ಕುಳಿತಿತ್ತು. ಪೀಪಾಯಿ ಇಳಿಸಿ, ಕಲ್ಲು ತೊಳೆದು, ಮುರಿದ ಹಿಡಿಗೂಟದ ಜಾಗದಲ್ಲಿ ದ್ರಾಕ್ಷಿ ಬಳ್ಳಿಯ ಒಂದು ದಪ್ಪ ತುಂಡನ್ನು ಬಡಿದು ಕೂರಿಸಿದರು. ಮುದುಕಿ ಒಂದು ಕಾಲು ಚಾಚಿ ಕುಳಿತಳು. ಎದುರಿಗೆ ಸೊಸೆ. ಒಂದು ಹಿಡಿ ಜೋಳ ಹಾಕಿ ತಿರುಗಿಸಿದಾಗ ಮೊದಲು ಕಲ್ಲಿನ ಸದ್ದು ಮಾತ್ರ ಬಂತು. ಐದಾರು ಸುತ್ತು ಕಳೆದ ಮೇಲೆ ಹಾಡು ಬಂತು. ತುಸು ದಖನಿ, ತುಸು ಕನ್ನಡ, ನಡುನಡುವೆ ಉಸಿರು ತೆಗೆಯುವಲ್ಲೆಲ್ಲ ಅಲ್ಲಾಹನ ಹೆಸರು. ಯಾವುದರಲ್ಲಿ ಯಾವುದು ಸೇರಿತ್ತೋ ಆಕೆಗೇ ಗೊತ್ತಿರಲಿಲ್ಲ. ಏಳು ನಿಮಿಷ. ಆಮೇಲೆ ತೋಳು ನೋವೆಂದು ಬಿಟ್ಟಳು, ಹಾಡೂ ನಿಂತಿತು.

ಹುಡುಗ ಮರುದಿನ ಅದನ್ನು ನನಗೆ ಕಳಿಸಿದ. ಕಲ್ಲಿನ ಸದ್ದು ಜಾಸ್ತಿ ಆಗಿದೆ, ಅದನ್ನು ಕಡಿಮೆ ಮಾಡುವ ಆ್ಯಪ್ ಇದೆ, ತೆಗೆದುಬಿಡಲೇ ಎಂದು ಕೇಳಿದ್ದಾನೆ. ಬೇಡವೆಂದು ಬರೆದಿದ್ದೇನೆ.